ಸಹಾಯ ಬೇಕು: ಔಷಧಿ ಹಾಕದೆ ಮೀನು ಎರಡು ದಿನ ಇಡೋದು ಹೇಗೆ?

ಅಣ್ಣಂದಿರೇ, ಅಕ್ಕಂದಿರೇ, ನಮಸ್ಕಾರ. ಯಾದಗಿರಿಯಲ್ಲಿ ನಮ್ಮದೊಂದು ಸಣ್ಣ ಮೀನಿನ ಅಂಗಡಿ ಇದೆ. ನಾರಾಯಣಪುರ ಡ್ಯಾಮಿನ ಕಡೆಯಿಂದ ರೋಹು, ಕಾಟ್ಲಾ ತರಿಸುತ್ತೇವೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಿಸಿಲು, ಅದರ ಮೇಲೆ ಕರೆಂಟ್ ಬೇರೆ ಕೈಕೊಡುತ್ತದೆ. ಫ್ರಿಜ್ಜಿನಲ್ಲಿಟ್ಟರೂ ಮಾರನೇ ದಿನ ಸಂಜೆಗೆ ಕಿವಿರು ಕಂದು ಬಣ್ಣಕ್ಕೆ ತಿರುಗಿ, ಕಣ್ಣು ಒಳಗೆ ಹೋಗಿರುತ್ತದೆ.

ಹೋದ ವಾರ ಒಬ್ಬರು ನೀರಿನಂಥ ಔಷಧಿ ತಂದು, "ಐಸ್ ನೀರಿಗೆ ಒಂದು ಮುಚ್ಚಳ ಹಾಕಿ, ಸಾಕು" ಅಂದರು. ಬಾಟಲಿ ತೆರೆದದ್ದೇ ಮೂಗು ಉರಿದು ಕಣ್ಣಲ್ಲಿ ನೀರು ಬಂತು. ಅದು ಫಾರ್ಮಾಲಿನ್. ಹೆಣ ಕೆಡದಂತೆ ಇಡಲು ಬಳಸುವಂಥದ್ದು, ಕ್ಯಾನ್ಸರ್ ತರುವಂಥದ್ದು. ಮೀನಿಗೆ ಹಾಕೋದು ಕಾನೂನಿಗೂ ವಿರುದ್ಧ. ಅಂಥದ್ದನ್ನು ನಮ್ಮ ಓಣಿಯ ಮಕ್ಕಳ ತಾಟಿಗೆ ಹೇಗೆ ಹಾಕಲಿ? ವಾಪಸ್ ಕಳಿಸಿದೆ.

ಈಗ ಹೊಟ್ಟೆ ಸೀಳಿ, ಕಿವಿರು ತೆಗೆದು, ಚೆನ್ನಾಗಿ ತೊಳೆದು, ಒಂದು ಕಿಲೋ ಮೀನಿಗೆ ಒಂದು ಕಿಲೋ ಪುಡಿ ಐಸ್ ಹಾಕಿ ಇಡುತ್ತಿದ್ದೇನೆ. ಕರಗಿದ ನೀರು ಹೋಗಲು ಥರ್ಮೋಕೋಲ್ ಡಬ್ಬಿಗೆ ತೂತು ಮಾಡಿದ್ದೇನೆ. ಮೀನು ಚೆನ್ನಾಗೇ ಇರುತ್ತದೆ, ಆದರೆ ಐಸಿನ ಖರ್ಚು ಜಾಸ್ತಿ. ದಪ್ಪ ಗೋಡೆಯ ಐಸ್ ಬಾಕ್ಸ್ ಬಳಸುವವರು ಇದ್ದೀರಾ? ಐಸ್ ಎಷ್ಟು ಹೊತ್ತು ತಡೆಯುತ್ತದೆ?

ಇನ್ನೊಂದು. ಕೊಚ್ಚಿಯ ಕೇಂದ್ರೀಯ ಮೀನುಗಾರಿಕೆ ತಂತ್ರಜ್ಞಾನ ಸಂಸ್ಥೆ ಫಾರ್ಮಾಲಿನ್ ಪತ್ತೆ ಮಾಡುವ ಕಾಗದದ ಪಟ್ಟಿ ಕಂಡುಹಿಡಿದಿದೆ. ಅದು ಕಲಬುರಗಿಯಲ್ಲೋ ಹೈದರಾಬಾದಿನಲ್ಲೋ ಸಿಗುತ್ತದಾ? ಗಿರಾಕಿಗಳ ಎದುರಿಗೇ ಪರೀಕ್ಷೆ ಮಾಡಿ ತೋರಿಸಬೇಕು ಅಂತ ಆಸೆ. ಗೊತ್ತಿದ್ದವರು ದಯವಿಟ್ಟು ಹೇಳಿ.