ಕರೆಂಟ್ ಹೋಗಿ ಬಂದ ಮೇಲೆ ಎಂಜಿನ್‌ಎಕ್ಸ್ ಏಳ್ತಿಲ್ಲ, ಗೊತ್ತಿರೋರು ಹೇಳಿ

ಕೇಳಿದ್ದು, ಮಂಡ್ಯದಿಂದ: ನಮ್ಮ ಟ್ಯೂಷನ್ ಸೆಂಟರ್‌ನ ಹಾಜರಿ, ಫೀಸಿನ ಲೆಕ್ಕ ಎಲ್ಲ ಒಂದು ಉಬುಂಟು ಪಿಸಿಯಲ್ಲಿದೆ. ನಿನ್ನೆ ಕರೆಂಟ್ ಹೋಗಿ ಬಂದ ಮೇಲೆ, ಅದರ ಪುಟಗಳನ್ನ ಬ್ರೌಸರ್‌ಗೆ ಕೊಡೋ ವೆಬ್ ಸರ್ವರ್ ಎಂಜಿನ್‌ಎಕ್ಸ್ ಸ್ಟಾರ್ಟ್ ಆಗ್ತಿಲ್ಲ. ಸ್ಟೇಟಸ್ ನೋಡಿದರೆ ಬರೀ ‘ಫೇಲ್ಡ್’. ಸೆಟ್ಟಿಂಗ್ ಫೈಲ್ ಪರೀಕ್ಷಿಸೋ ‘ಸುಡೊ ಎಂಜಿನ್‌ಎಕ್ಸ್ -ಟಿ’ ಹಾಕಿದರೆ ಎಲ್ಲ ಸರಿ ಅನ್ನುತ್ತೆ. ಹೋದ ವಾರ ಪಿಎಚ್‌ಪಿ ಹಾಕಿದ್ದು ಬಿಟ್ಟರೆ ಏನೂ ಮುಟ್ಟಿಲ್ಲ. ಎಲ್ಲಿಂದ ನೋಡಲಿ?

ಕುವೆಂಪುನಗರದಿಂದ: ‘-ಟಿ’ ಪಾಸಾಗಿ ಸ್ಟಾರ್ಟ್ ಫೇಲ್ ಆದರೆ ಮೊದಲ ಅನುಮಾನ ಪೋರ್ಟ್ ಮೇಲೆ, ಅಂದರೆ ಸರ್ವರ್ ಕಾದು ಕೂರೋ ನಂಬರಿನ ಬಾಗಿಲು (ವೆಬ್‌ಗೆ 80). ಓಡ್ತಿರೋ ಸರ್ವರ್ ಮೇಲೂ ಆ ಪರೀಕ್ಷೆ ನಡೀಬೇಕಲ್ಲ, ಅದಕ್ಕೇ ಪೋರ್ಟ್ ಆಗಲೇ ಬಳಕೆಯಲ್ಲಿದ್ದರೆ ಅದು ತಪ್ಪು ಅಂತ ಎಣಿಸಲ್ಲ. ‘ಸುಡೊ ಜರ್ನಲ್‌ಸಿಟಿಎಲ್ -ಬಿ -ಯು ಎಂಜಿನ್‌ಎಕ್ಸ್’ ಹಾಕಿ ಲಾಗ್ ನೋಡಿ. 0.0.0.0:80 ಪಕ್ಕ ‘98: ಅಡ್ರೆಸ್ ಆಲ್‌ರೆಡಿ ಇನ್ ಯೂಸ್’ ಅಂತ ಐದು ಸಲ, ಕೊನೆಗೆ ‘ಸ್ಟಿಲ್ ಕುಡ್ ನಾಟ್ ಬೈಂಡ್’ ಅಂತಿದ್ದರೆ ರೋಗ ಅದೇ. ಹಿಡಿದು ಕೂತಿರೋದು ಯಾರು ಅಂತ ‘ಸುಡೊ ಎಸ್‌ಎಸ್ -ಎಲ್‌ಟಿಎನ್‌ಪಿ’ ತೋರಿಸುತ್ತೆ. ಸುಡೊ ಮರೆತರೆ ಪ್ರೋಸೆಸ್ ಹೆಸರೇ ಕಾಣಲ್ಲ.

ಮದ್ದೂರಿನಿಂದ: ಪಿಎಚ್‌ಪಿ ಅಂದ್ರಲ್ಲ, ಅಪಾಚೆನೇ ಇರುತ್ತೆ ಕಣ್ರಿ, ಅದೂ ಒಂದು ವೆಬ್ ಸರ್ವರ್. ಉಬುಂಟುನಲ್ಲಿ ‘ಆಪ್ಟ್ ಇನ್‌ಸ್ಟಾಲ್ ಪಿಎಚ್‌ಪಿ’ ಅಂದರೆ ಸಾಮಾನ್ಯವಾಗಿ ಅಪಾಚೆ2 ಕೂಡ ಬೆನ್ನಿಗೆ ಬರುತ್ತೆ. ಆವತ್ತು 80 ಎಂಜಿನ್‌ಎಕ್ಸ್ ಕೈಲಿತ್ತು, ಅಪಾಚೆ ಏಳಲಾಗದೆ ಬಿದ್ದಿರುತ್ತೆ. ಸೈಟ್ ನಡೀತಿದ್ದರಿಂದ ಯಾರೂ ಗಮನಿಸಿರಲ್ಲ. ಆದರೆ ಅದು ಎನೇಬಲ್ ಆಗೇ ಇರುತ್ತೆ, ಅಂದರೆ ಪಿಸಿ ಆನ್ ಆದಾಗ ತಾನೇ ಏಳೋಕೆ ನೋಡುತ್ತೆ. ಬೂಟ್ ಆಗುವಾಗ ಎರಡೂ ನುಗ್ಗುತ್ತವೆ, ಬಸ್ಸಿನಲ್ಲಿ ಮೊದಲು ಟವೆಲ್ ಹಾಕಿದವರದ್ದೇ ಸೀಟು. ‘ಸುಡೊ ಸಿಸ್ಟಂಸಿಟಿಎಲ್ ಡಿಸೇಬಲ್ --ನೌ ಅಪಾಚೆ2’ ಕೊಟ್ಟು ಎಂಜಿನ್‌ಎಕ್ಸ್ ಸ್ಟಾರ್ಟ್ ಮಾಡಿ. ‘ಕಿಲ್ -9’ ಹೊಡೆದು ಕೈ ತೊಳ್ಕೋಬೇಡಿ, ಮುಂದಿನ ಸಲ ಕರೆಂಟ್ ಹೋದಾಗ ಮತ್ತೆ ಇದೇ ಪಾಡು. ಎಂಜಿನ್‌ಎಕ್ಸ್‌ಗೆ ಬೇಕಿರೋದು ಪಿಎಚ್‌ಪಿಯನ್ನ ಬೇರೆಯಾಗಿ ಓಡಿಸೋ ಸರ್ವಿಸ್ ಪಿಎಚ್‌ಪಿ-ಎಫ್‌ಪಿಎಂ, ಅದನ್ನೇ ಮೊದಲು ಹಾಕಿದ್ದರೆ ಈ ತಾಪತ್ರಯ ಇರ್ತಿರಲಿಲ್ಲ.

ಶ್ರೀರಂಗಪಟ್ಟಣದಿಂದ: ಕರೆಂಟ್ ಹೋದ ಕೇಸಲ್ಲಿ ಇನ್ನೊಂದು ನೋಡಿ. ಲಾಗ್ ಫೈಲ್ ತೆರೆಯೋವಾಗ ‘30: ರೀಡ್-ಓನ್ಲಿ ಫೈಲ್ ಸಿಸ್ಟಂ’ ಅಂದರೆ ಎಂಜಿನ್‌ಎಕ್ಸ್‌ದು ತಪ್ಪಲ್ಲ, ಡಿಸ್ಕಿನಲ್ಲಿ ದೋಷ ಕಂಡು ಕರ್ನಲ್ ಬರೆಯೋದನ್ನೇ ನಿಲ್ಲಿಸಿದೆ. ಲೈವ್ ಯುಎಸ್‌ಬಿಯಿಂದ ಬೂಟ್ ಮಾಡಿ ಡಿಸ್ಕ್ ದೋಷ ಸರಿಮಾಡೋ ‘ಎಫ್‌ಎಸ್‌ಸಿಕೆ’ ಓಡಿಸಿ, ಮೌಂಟ್ ಆಗಿರೋ ಡಿಸ್ಕ್ ಮೇಲೆ ಬೇಡ. ಅದಕ್ಕೂ ಮುಂಚೆ ಡೇಟಾಬೇಸ್ ಕಾಪಿ ತಗೊಳ್ಳಿ.

ವಿಜಯನಗರದಿಂದ: ಮೇಲಿನ ಎರಡೂ ಅಲ್ಲದೆ ‘ಹೋಸ್ಟ್ ನಾಟ್ ಫೌಂಡ್ ಇನ್ ಅಪ್‌ಸ್ಟ್ರೀಮ್’ ಅಂತ ಬಂದರೆ, ಎಂಜಿನ್‌ಎಕ್ಸ್ ಕೋರಿಕೆ ಕಳಿಸಬೇಕಾದ ಇನ್ನೊಂದು ಸರ್ವರಿನ ವಿಳಾಸ ಸಿಕ್ಕಿಲ್ಲ; ಬಹುಶಃ ಪಿಸಿ ಎದ್ದಾಗ ಇಂಟರ್ನೆಟ್ಟಿನ ಫೈಬರ್ ಪೆಟ್ಟಿಗೆ ಇನ್ನೂ ಎದ್ದಿರಲಿಲ್ಲ ಅಂತ. ‘ಸಿಸ್ಟಂಸಿಟಿಎಲ್ ಎಡಿಟ್ ಎಂಜಿನ್‌ಎಕ್ಸ್’ ತೆರೆದು ಸರ್ವಿಸ್ ಭಾಗದಲ್ಲಿ ‘ರೀಸ್ಟಾರ್ಟ್=ಆನ್-ಫೇಲ್ಯೂರ್’, ‘ರೀಸ್ಟಾರ್ಟ್‌ಸೆಕ್=30’ ಸೇರಿಸಿ. 1 ಸೆಕೆಂಡ್ ಇಟ್ಟರೆ ಐದು ಸಲ ಬಿದ್ದ ಮೇಲೆ ಸರ್ವಿಸ್‌ಗಳನ್ನ ಎಬ್ಬಿಸೋ ಸಿಸ್ಟಂಡಿ ಕೈ ಚೆಲ್ಲುತ್ತೆ, ಆಮೇಲೆ ನೀವೇ ಸ್ಟಾರ್ಟ್ ಕೊಡಬೇಕು.

ಕೇಳಿದವರು: ಅಪಾಚೆ2 ಅಂತಲೇ ಬಂತು ಸಾರ್. ಡಿಸೇಬಲ್ ಮಾಡಿ ಎರಡು ಸಲ ರೀಬೂಟ್ ಕೊಟ್ಟೆ, ಸೈಟ್ ಬರ್ತಿದೆ. ಈ ಅಪಾಚೆ ಸುರಕ್ಷಿತ ಸೈಟಿನ (ಎಚ್‌ಟಿಟಿಪಿಎಸ್) ಪೋರ್ಟ್ 443ನ್ನೂ ಹಿಡೀತದಾ?

ಮದ್ದೂರಿನಿಂದ: ಎಸ್‌ಎಸ್‌ಎಲ್ ಮಾಡ್ಯೂಲ್ ಎನೇಬಲ್ ಮಾಡಿದ್ದರೆ ಮಾತ್ರ. ನೀವು ಮಾಡಿಲ್ಲ, ಬಿಡಿ.