ಬೇಸಿಗೆ ಬಂತೆಂದರೆ ಡಿಶ್‌ವಾಷರಿನ ಭಾಂಡೆಗಳ ಮೇಲೆ ಬಿಳಿ ಪದರ: ದೋಷ ಯಂತ್ರದ್ದೋ, ನೀರಿನದೋ?

ಪ್ರಶ್ನೆ (ನವನಗರ, ಹುಬ್ಬಳ್ಳಿ)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ಡಿಶ್‌ವಾಷರಿಗೆ ಈಗ ಎರಡು ವರ್ಷ. ಅತ್ತೆಯವರ ಬೆರಳಿನ ಕೀಲುಗಳಿಗೆ ನೋವು ಹಿಡಿದು ಭಾಂಡೆ ತಿಕ್ಕುವುದು ಅವರಿಂದ ಆಗದಂತಾದಾಗ, ನಾನೂ ನೌಕರಿಗೆ ಹೋಗುವವಳಾದ್ದರಿಂದ, ಯೋಚಿಸಿ ಕೊಂಡ ಯಂತ್ರವಿದು. ಮಳೆಗಾಲದಲ್ಲಿ ಸ್ಟೀಲಿನ ತಾಟು, ವಾಟಿಗಳು ಕನ್ನಡಿಯಂತೆ ಹೊಳೆಯುತ್ತಿದ್ದವು. ಯುಗಾದಿ ಕಳೆದ ಮೇಲೆ ಅವುಗಳ ಮೇಲೆ ಬಿಳಿ ಪದರ ಕೂಡುತ್ತಿದೆ. ಉಗುರಿನಿಂದ ಕೆರೆದರೆ ಸುಣ್ಣದ ಪುಡಿಯಂತೆ ಉದುರುತ್ತದೆ. ಇದರ ಜೊತೆಗೆ ತೊಳೆಯುವುದು ಮುಗಿದ ಮೇಲೂ ತಳದಲ್ಲಿ ಎರಡು ಬೆರಳಿನಷ್ಟು ನೀರು ನಿಲ್ಲುತ್ತದೆ, ಮರುದಿನ ಬಾಗಿಲು ತೆರೆದರೆ ಹುಳಿ ಹಿಟ್ಟಿನ ವಾಸನೆ ಬರುತ್ತದೆ. ದುರಸ್ತಿಗೆ ಬಂದವರು ಹತ್ತು ನಿಮಿಷವೂ ಪರೀಕ್ಷಿಸದೆ ಮುಖ್ಯ ಪಂಪು ಮತ್ತು ಹೀಟರ್ ಎರಡನ್ನೂ ಬದಲಿಸಬೇಕೆಂದು ಹೇಳಿ ಹೋದರು. ಅಷ್ಟು ಹಣ ಹಾಕುವ ಮೊದಲು ನಾವೇ ನೋಡಿಕೊಳ್ಳಬಹುದಾದದ್ದು ಏನಾದರೂ ಇದೆಯೇ?

ಉತ್ತರ (ಬೆಟಗೇರಿ, ಗದಗ)

ಅಕ್ಕಾವರೇ, ಪಂಪು ಬದಲಿಸಲು ಅವಸರ ಮಾಡಬೇಡಿ. ಮೊದಲು ಆ ಬಿಳಿ ಪದರ ಯಾವುದೆಂದು ತಿಳಿಯಬೇಕು. ಒಂದು ಸ್ಟೀಲಿನ ವಾಟಿ ಮತ್ತು ಒಂದು ಗಾಜಿನ ಗ್ಲಾಸಿನ ಮೇಲೆ ವಿನೆಗರ್ ಹನಿಸಿ ಐದು ನಿಮಿಷ ಬಿಟ್ಟು ಒರೆಸಿರಿ. ಪದರ ಕರಗಿದರೆ ಅದು ಸವಳು ನೀರಿನ ಸುಣ್ಣ. ಗಾಜಿನ ಮಬ್ಬು ಹಾಗೆಯೇ ಉಳಿದರೆ ಗಾಜೇ ಸವೆದಿದೆ ಎಂದರ್ಥ, ಅದಕ್ಕೆ ಮದ್ದಿಲ್ಲ.

ವಾಸನೆಯ ಬಗ್ಗೆ ನನ್ನ ಅನುಭವ ಹೇಳುತ್ತೇನೆ. ನಮ್ಮಲ್ಲಿ ದಿನವೂ ಜೋಳದ ರೊಟ್ಟಿ. ಹಿಟ್ಟು ನಾದಿದ ಪರಾತವನ್ನು ಹಾಗೆಯೇ ಯಂತ್ರದೊಳಗೆ ಇಡುತ್ತಿದ್ದೆವು. ಆ ಹಿಟ್ಟು ತಳದ ಜಾಲರಿಯ ಮೇಲೆ ಕುಳಿತು ಬಿಸಿನೀರಿಗೆ ಅಂಬಲಿಯಂತೆ ಬೆಂದು, ಒಣಗಿದ ಮೇಲೆ ಅಂಟಿನಂತಾಗುತ್ತಿತ್ತು. ಹಿಟ್ಟಿನ ಭಾಂಡೆಯನ್ನು ಮಾತ್ರ ಮೊದಲು ತಣ್ಣೀರಿನಲ್ಲಿ ಬೆರಳಾಡಿಸಿ ತೆಗೆಯಿರಿ. ಎಣ್ಣೆಗಾಯಿ ತಿಂದ ತಾಟಿಗೆ ಅದು ಬೇಕಿಲ್ಲ, ಎಂಜಲು ಬಳಿದು ಇಟ್ಟರೆ ಸಾಕು. ಜಾಲರಿಯನ್ನು ವಾರಕ್ಕೊಮ್ಮೆ ಹೊರತೆಗೆದು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿರಿ. ನಿಮ್ಮ ಮನೆಗೆ ಯಾವ ನೀರು ಬರುತ್ತದೆ, ಯಂತ್ರಕ್ಕೆ ಉಪ್ಪು ಯಾವಾಗ ಹಾಕಿದ್ದೀರಿ ಎಂಬುದನ್ನೂ ತಿಳಿಸಿ.

ಪ್ರಶ್ನೆ ಕೇಳಿದವರು

ಸ್ಟೀಲಿನ ಪದರ ವಿನೆಗರಿಗೆ ಪೂರ್ತಿ ಹೋಯಿತು. ನಳಕ್ಕೆ ಬರುವುದು ಮಲಪ್ರಭೆಯ ನೀರು. ಬೇಸಿಗೆಯಲ್ಲಿ ನೀರು ಬಿಡುವ ದಿನಗಳ ಅಂತರ ಹೆಚ್ಚಾದಾಗ ಅಪಾರ್ಟ್‌ಮೆಂಟಿನ ಸಂಪಿಗೆ ಬೋರಿನ ನೀರನ್ನೂ ಸೇರಿಸುತ್ತಾರೆ. ಕುಡಿಯುವ ನೀರಿನ ಫಿಲ್ಟರಿನವರು ಟಿಡಿಎಸ್ 640 ಎಂದು ಹೇಳಿದ್ದಾರೆ. ಉಪ್ಪು ಹಾಕಿದ್ದು ದಸರೆಗೆ; ಉಪ್ಪು ಮುಗಿದಿದೆ ಎನ್ನುವ ದೀಪ ಇಲ್ಲಿಯವರೆಗೆ ಹೊತ್ತಿಲ್ಲ. ಯಂತ್ರವನ್ನು ಜೋಡಿಸಿದ್ದು ಶ್ರಾವಣದಲ್ಲಿ, ಅಂದು ಅವರು ಇಟ್ಟ ಸೆಟ್ಟಿಂಗ್ ಅನ್ನು ನಾವು ಮುಟ್ಟಿಲ್ಲ.

ಉತ್ತರ (ಗೃಹೋಪಯೋಗಿ ಯಂತ್ರಗಳ ದುರಸ್ತಿ ಕೆಲಸ, ಹುಬ್ಬಳ್ಳಿ)

ಮೇಡಂ, ನಿಮ್ಮ ಕೊನೆಯ ಎರಡು ವಾಕ್ಯಗಳಲ್ಲೇ ಉತ್ತರವಿದೆ. ಡಿಶ್‌ವಾಷರಿಗೆ ಹಾಕುವ ಉಪ್ಪು ಭಾಂಡೆಗಳ ಮೇಲೆ ಬೀಳುವುದಿಲ್ಲ. ಯಂತ್ರದೊಳಗೆ ರಾಳದ ಸಣ್ಣ ಮಣಿಗಳಿರುತ್ತವೆ. ಒಳಬರುವ ನೀರಿನ ಕ್ಯಾಲ್ಸಿಯಂ, ಮೆಗ್ನೀಷಿಯಂಗಳನ್ನು ಅವು ಹಿಡಿದುಕೊಂಡು ಸೋಡಿಯಂ ಬಿಟ್ಟುಕೊಡುತ್ತವೆ. ಮಣಿಗಳು ತುಂಬಿದಾಗ ಯಂತ್ರ ತಾನಾಗಿ ಉಪ್ಪುನೀರು ಹರಿಸಿ ಅವುಗಳನ್ನು ತೊಳೆಯಬೇಕು. ಸಾಮಾನ್ಯ ಯಂತ್ರಗಳು ನೀರನ್ನು ರುಚಿ ನೋಡುವುದಿಲ್ಲ, ನೀವು ಕೊಟ್ಟ ಗಡಸುತನದ, ಅಂದರೆ ನೀರಿನಲ್ಲಿ ಈ ಕ್ಯಾಲ್ಸಿಯಂ, ಮೆಗ್ನೀಷಿಯಂ ಎಷ್ಟಿವೆ ಎನ್ನುವ ಅಂಕಿಯನ್ನು ನಂಬಿ ಎಷ್ಟು ತೊಳೆತಕ್ಕೊಮ್ಮೆ ಉಪ್ಪು ಬಳಸಬೇಕೆಂದು ಲೆಕ್ಕ ಹಾಕುತ್ತವೆ. ಶ್ರಾವಣದ ನದಿನೀರಿಗೆ ಇಟ್ಟ ಅಂಕಿ ಬೇಸಿಗೆಯ ಬೋರಿನ ನೀರಿಗೆ ಹೊಂದುವುದಿಲ್ಲ. ದಸರೆಯ ಉಪ್ಪು ಯುಗಾದಿ ದಾಟಿದರೂ ಮುಗಿದಿಲ್ಲವೆಂದರೆ ಅದು ಉಳಿತಾಯವಲ್ಲ. ಮಣಿಗಳನ್ನು ತೊಳೆಯುವುದೇ ಅಪರೂಪವಾಗಿದೆ ಎಂಬುದರ ಗುರುತು.

ಟಿಡಿಎಸ್ ಅಂಕಿಯನ್ನು ಇಲ್ಲಿ ಬಳಸಬೇಡಿ. ಅದು ನೀರಿನಲ್ಲಿ ಕರಗಿದ ಎಲ್ಲ ಲವಣಗಳ ಅಂದಾಜು, ಅದರಲ್ಲಿ ಸುಣ್ಣದ ಪಾಲು ಎಷ್ಟೆಂದು ತಿಳಿಯುವುದಿಲ್ಲ. ಪ್ರಯೋಗಾಲಯದಲ್ಲಿ ಒಟ್ಟು ಗಡಸುತನ ಎಂದು ಕೇಳಿ ಪರೀಕ್ಷೆ ಮಾಡಿಸಿ, ಇಲ್ಲವೇ ಗಡಸುತನದ ಪರೀಕ್ಷಾ ಪಟ್ಟಿ ಬಳಸಿ. ವರದಿ ಬರುವುದು ಲೀಟರಿಗೆ ಇಷ್ಟು ಮಿಲಿಗ್ರಾಂ ಎಂದು. ಹೆಚ್ಚಿನ ಕೈಪಿಡಿಗಳಲ್ಲಿರುವುದು ಜರ್ಮನ್ ಡಿಗ್ರಿ. ವರದಿಯ ಅಂಕಿಯನ್ನು 17.8ರಿಂದ ಭಾಗಿಸಿದರೆ ಡಿಗ್ರಿ ಸಿಗುತ್ತದೆ. 120 ಬಂದರೆ ಸುಮಾರು 7 ಡಿಗ್ರಿ, 450 ಬಂದರೆ ಸುಮಾರು 25. ಸಂಪಿನಲ್ಲಿ ಎರಡೂ ನೀರು ಬೆರೆಯುವ ನಿಮ್ಮಂಥ ಮನೆಗಳಲ್ಲಿ ಬೇಸಿಗೆಯ ಅತಿ ಕೆಟ್ಟ ನೀರಿನ ಅಂಕಿಯನ್ನೇ ಇಡಬೇಕು, ಮಳೆಗಾಲ ನಿಂತು ಹಿಡಿದ ಮೇಲೆ ಇಳಿಸಬಹುದು. ಡಿಶ್‌ವಾಷರಿನ ಉಪ್ಪನ್ನೇ ಹಾಕಿ. ಅಡುಗೆಯ ಪುಡಿ ಉಪ್ಪಿನಲ್ಲಿ ಗಂಟು ಕಟ್ಟದಿರಲು ಬೆರೆಸಿದ ಪದಾರ್ಥಗಳಿರುತ್ತವೆ, ಅವು ಒಳಗೆ ಕಟ್ಟಿಕೊಳ್ಳುತ್ತವೆ. ಉಪ್ಪು ತುಂಬುವಾಗ ಹೊರಗೆ ಚೆಲ್ಲಿದರೆ ಕೂಡಲೇ ಒಂದು ಸಲ ಯಂತ್ರ ಓಡಿಸಿ, ಇಲ್ಲವಾದರೆ ಸ್ಟೀಲಿನ ತಳಕ್ಕೆ ತುಕ್ಕಿನ ಚುಕ್ಕೆ ಬೀಳುತ್ತದೆ.

ನಿಂತ ನೀರು ಬೇರೆ ಮಾತು. ಜಾಲರಿಯ ಕೆಳಗಿನ ಗುಳಿಯಲ್ಲಿ ಸ್ವಲ್ಪ ನೀರು ಇರಲೇಬೇಕು. ತಳದ ಮೇಲೆ ಎರಡು ಬೆರಳು ನಿಲ್ಲಬಾರದು. ಪ್ಲಗ್ ಕಿತ್ತು, ಜಾಲರಿ ತೆಗೆದು, ನೀರನ್ನು ಸ್ಪಂಜಿನಿಂದ ಹೀರಿ ತೆಗೆಯಿರಿ. ಗುಳಿಯ ಬದಿಯಲ್ಲಿ ನೀರು ಹೊರಹಾಕುವ ಪಂಪಿನ ಮುಚ್ಚಳವಿದೆ, ಕೈಪಿಡಿಯಲ್ಲಿ ತೋರಿಸಿದಂತೆ ಅದನ್ನು ಬಿಡಿಸಿರಿ. ಗಾಜಿನ ಚೂರು ಇರಬಹುದಾದ್ದರಿಂದ ಬೆರಳು ಹಾಕಬೇಡಿ, ಚಮಚದ ಹಿಡಿಯಿಂದ ಒಳಗಿನ ಪುಟ್ಟ ಚಕ್ರವನ್ನು ತಿರುಗಿಸಿ ನೋಡಿ. ಅದು ತಡೆದು ತಡೆದು ಜಿಗಿಯುವಂತೆ ತಿರುಗಿದರೆ ಗಾಬರಿಯಾಗಬೇಡಿ, ಒಳಗಿನ ಆಯಸ್ಕಾಂತದಿಂದ ಹಾಗಾಗುತ್ತದೆ. ಸ್ವಲ್ಪವೂ ಅಲುಗದಿದ್ದರೆ ಏನೋ ಸಿಕ್ಕಿಕೊಂಡಿದೆ. ಚಕ್ರ ಸರಿಯಿದ್ದರೆ ಹೊರಹೋಗುವ ಪೈಪ್ ಮಡಚಿದೆಯೇ, ಸಿಂಕಿನ ಕೆಳಗಿನ ಜೋಡಣೆಯಲ್ಲಿ ಕಸ ಕಟ್ಟಿದೆಯೇ ನೋಡಿ. ನೀರು ಸಿಂಪಡಿಸುವ ತೋಳುಗಳ ರಂಧ್ರಗಳನ್ನೂ ಹಲ್ಲುಕಡ್ಡಿಯಿಂದ ಬಿಡಿಸಿ.

ಒಳಗೆ ಈಗಾಗಲೇ ಕಟ್ಟಿದ ಸುಣ್ಣಕ್ಕೆ ಡಿಶ್‌ವಾಷರ್ ಕ್ಲೀನರ್ ಅಥವಾ ಕಿರಾಣಿ ಅಂಗಡಿಯ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ) ಹಾಕಿ, ಭಾಂಡೆ ಇಡದೆ ಅತಿ ಬಿಸಿಯ ಕಾರ್ಯಕ್ರಮವನ್ನು ಒಮ್ಮೆ ಓಡಿಸಿ. ಬ್ಲೀಚಿಂಗ್ ಪುಡಿಯನ್ನು ಅದರೊಂದಿಗೆ ಎಂದೂ ಬೆರೆಸಬಾರದು, ವಿಷಾನಿಲ ಹೊರಡುತ್ತದೆ. ಕೊನೆಯಲ್ಲಿ ತಾಟುಗಳು ಬಿಸಿಯಾಗಿ ಹೊರಬರುತ್ತಿದ್ದರೆ ಹೀಟರ್ ಕೆಲಸ ಮಾಡುತ್ತಿದೆ, ಅದನ್ನು ಬದಲಿಸಲು ಕಾರಣವೇ ಇಲ್ಲ. ನಮ್ಮ ಕೆಲಸದವರೇ ಜಾಲರಿ ಎತ್ತಿ ನೋಡದೆ ಪಂಪು ಹೋಗಿದೆ ಎಂದು ಹೇಳುವುದು ನನಗೆ ನಿಜಕ್ಕೂ ನೋವಿನ ಸಂಗತಿ.

ಪ್ರಶ್ನೆ ಕೇಳಿದವರು, ಹನ್ನೆರಡು ದಿನಗಳ ನಂತರ

ಪಂಪಿನ ಚಕ್ರದಲ್ಲಿ ಸಿಕ್ಕಿದ್ದು ಒಂದು ಹುಣಸೆ ಬೀಜದ ಹೋಳು ಮತ್ತು ಚಹಾ ಕಪ್ಪಿನ ಅಂಚಿನ ಒಂದು ಚೂರು. ಜಾಲರಿಯನ್ನು ತೊಳೆಯಲು ಎತ್ತಿದಾಗ ಜಾರಿ ಬಿದ್ದಿರಬೇಕು. ಇಕ್ಕಳದಿಂದ ತೆಗೆದ ಮೇಲೆ ನೀರು ನಿಲ್ಲುತ್ತಿಲ್ಲ, ವಾಸನೆಯೂ ಹೋಗಿದೆ. ಸಂಪಿನ ನೀರಿನ ಗಡಸುತನ 430 ಬಂತು, ಅಂದರೆ ಸುಮಾರು 24 ಡಿಗ್ರಿ. ಯಂತ್ರದಲ್ಲಿ ಇಟ್ಟಿದ್ದದ್ದು 7. ಅಂಕಿ ಸರಿಪಡಿಸಿ ನಿಂಬೆ ಉಪ್ಪಿನಲ್ಲಿ ಒಮ್ಮೆ ಓಡಿಸಿದೆ. ಮೊದಲ ಎರಡು ತೊಳೆತದಲ್ಲಿ ಸ್ವಲ್ಪ ಬಿಳುಪು ಉಳಿದಿತ್ತು, ಮೂರನೆಯದರಿಂದ ವಾಟಿಗಳು ಮೊದಲಿನಂತಾದವು. ಹೀಟರ್ ಬಿಸಿಯಾಗಿಯೇ ಇದೆ. ಎರಡು ಗಾಜಿನ ಗ್ಲಾಸುಗಳ ಮಬ್ಬು ಮಾತ್ರ ಹೋಗಲಿಲ್ಲ; ಅವುಗಳನ್ನು ಇನ್ನು ಕೈಯಿಂದಲೇ ತೊಳೆಯುತ್ತೇನೆ. ನಿಮ್ಮಿಬ್ಬರಿಗೂ ನಮ್ಮ ಅತ್ತೆಯವರು ಶರಣು ಹೇಳಿದ್ದಾರೆ.