ಲ್ಯಾನ್ ವೈರ್ ಚುಚ್ಚಿದ ಕೂಡಲೇ ಸ್ಪೀಕರ್‌ನಲ್ಲಿ ಗುಂಯ್, ಜೊತೆಗೆ ಟಿಕ್ ಟಿಕ್. ಯಾರಿಗಾದ್ರೂ ಹೀಗಾಗಿದೆಯಾ?

ಅಡಿಕೆತೋಟದವ:
ನಮಸ್ಕಾರ. ಶಿರಸಿಯಿಂದ ಸ್ವಲ್ಪ ಒಳಗೆ ನಮ್ಮ ಮನೆ. ಹಳೇ ಕಾಲದ್ದು, ದಪ್ಪ ಗೋಡೆ, ಹಂಚಿನ ಮಾಡು. ಫೈಬರ್ ಇಂಟರ್ನೆಟ್ ಡಬ್ಬಿ ಜಗುಲಿಯಲ್ಲಿದೆ, ನಾನು ಹಾಡು ಕೇಳೋದು ಹಿಂದಿನ ಕೋಣೆಯಲ್ಲಿ. ವೈಫೈ ಅಲ್ಲಿಗೆ ಬರುವಷ್ಟರಲ್ಲಿ ಸುಸ್ತಾಗುತ್ತೆ ಅಂತ ಅಟ್ಟದ ಮೇಲಿಂದ 20 ಮೀಟರ್ ಲ್ಯಾನ್ ಕೇಬಲ್ ಎಳೆದೆ. ದುಡ್ಡು ಜಾಸ್ತಿ ಆದ್ರೂ ಪರವಾಗಿಲ್ಲ ಅಂತ ಶೀಲ್ಡ್ (ಒಳಗಿನ ತಂತಿಗಳ ಸುತ್ತ ಲೋಹದ ಹೊದಿಕೆ) ಇರೋದೇ ತಂದೆ, ಪ್ಲಗ್ ಕೂಡ ಲೋಹದ್ದು. ಆ ಕಡೆ ರೂಟರ್ ಮತ್ತೆ ಸಿಸಿಟಿವಿ ಡಿವಿಆರ್ (ಕ್ಯಾಮೆರಾ ರೆಕಾರ್ಡ್ ಮಾಡೋ ಡಬ್ಬಿ), ಈ ಕಡೆ ಹಾಡು ಹಾಕೋಕೆ ರಾಸ್ಪ್‌ಬೆರಿ ಪೈ 4 ಅನ್ನೋ ಪುಟ್ಟ ಕಂಪ್ಯೂಟರ್, ಅದರಿಂದ ಯುಎಸ್‌ಬಿಯಲ್ಲಿ ಡ್ಯಾಕ್ (ಡಿಜಿಟಲ್ ಹಾಡನ್ನು ಆಂಪ್‌ಗೆ ಬೇಕಾದ ಸಿಗ್ನಲ್ ಮಾಡೋದು), ಆಮೇಲೆ ಆಂಪ್ಲಿಫೈಯರ್.

ಹಾಡು ಜೋರಾಗಿದ್ದಾಗ ಏನೂ ಗೊತ್ತಾಗಲ್ಲ. ಆದ್ರೆ ನಾನು ಕೇಳೋದು ಹೆಚ್ಚಾಗಿ ಹಿಂದೂಸ್ತಾನಿ. ವಿಲಂಬಿತ್ ಆಲಾಪ ಶುರುವಾಗುವ ಮುಂಚೆ ತಂಬೂರಿ ಒಂದೇ ಇರುತ್ತಲ್ಲ, ಆವಾಗ ಅದರ ಹಿಂದೆ ಸಣ್ಣಗೆ ಗುಂಯ್ ಅನ್ನೋದು ಕೇಳುತ್ತೆ, ಅದರ ಮೇಲೆ ಗಡಿಯಾರದ ಹಾಗೆ ಟಿಕ್, ಟಿಕ್. ಕರೆಂಟ್ ಹೋಗಿ ಇನ್ವರ್ಟರ್ ಮೇಲೆ ಬಂದ್ರೆ ಗುಂಯ್ ಇನ್ನೂ ಜಾಸ್ತಿ. ಬೆಂಗಳೂರಿನ ಒಬ್ಬ ಅಂಗಡಿಯವರಿಗೆ ಫೋನ್ ಮಾಡಿದ್ರೆ, ಇದು ನೆಟ್‌ವರ್ಕ್ ನಾಯ್ಸ್, ಆಡಿಯೋಗೆ ಅಂತಲೇ ಮಾಡಿದ ನೆಟ್‌ವರ್ಕ್ ಸ್ವಿಚ್ (ಲ್ಯಾನ್ ವೈರ್‌ಗಳನ್ನು ಜೋಡಿಸೋ ಡಬ್ಬಿ) ಹಾಕಿ, 38 ಸಾವಿರ ಆಗುತ್ತೆ ಅಂದ್ರು. ಈ ಸಲದ ಅಡಿಕೆ ಇನ್ನೂ ಕೊಟ್ಟಿಲ್ಲ. ಅಷ್ಟು ಹಾಕೋದು ಸರಿನಾ?

ಕೋಡಿಬಾಗದ ಕಿವಿ:
ಸದ್ಯಕ್ಕೆ ಒಂದು ರೂಪಾಯಿಯನ್ನೂ ಖರ್ಚು ಮಾಡಬೇಡಿ. ಮೊದಲು ಒಂದು ಕೆಲಸ ಮಾಡಿ. ಹಾಡು ನಡೀತಾ ಇರುವಾಗಲೇ ಪೈಯಿಂದ ಲ್ಯಾನ್ ವೈರ್ ಕಿತ್ತುಬಿಡಿ. ಹಾಡು ತಕ್ಷಣ ನಿಲ್ಲಲ್ಲ, ಮೊದಲೇ ತಂದಿಟ್ಟುಕೊಂಡದ್ದು ಬಫರ್‌ನಲ್ಲಿ ಇರುವಷ್ಟು ಹೊತ್ತು ಹಾಡುತ್ತೆ. ಆ ಹೊತ್ತಲ್ಲಿ ಗುಂಯ್ ನಿಂತರೆ ಅದು ಲ್ಯಾನ್ ವೈರ್ ದಾರಿಯಲ್ಲೇ ಬರ್ತಾ ಇದೆ ಅಂತ ಅರ್ಥ. ನಿಲ್ಲದಿದ್ರೆ ನೆಟ್‌ವರ್ಕ್ ಬಿಟ್ಟು ಬೇರೆ ಕಡೆ ಹುಡುಕಿ.

ಒಂದು ವಿಷಯ ತಲೆಯಲ್ಲಿರಲಿ. ಹಾಡಿನ ಡೇಟಾ ಹಾಳಾಗಿ ಬರ್ತಾ ಇಲ್ಲ. ಸಿಡಿ ಗುಣಮಟ್ಟದ ಹಾಡಿಗೆ ಬೇಕಾಗೋದು ಸೆಕೆಂಡಿಗೆ 1411 ಕಿಲೋಬಿಟ್, ಅಂದ್ರೆ ಒಂದೂವರೆ ಮೆಗಾಬಿಟ್ ಕೂಡ ಇಲ್ಲ. ದಾರಿಯಲ್ಲಿ ಒಂದು ತುಣುಕು ಕೆಟ್ಟರೆ ಅದನ್ನೇ ಮತ್ತೆ ಕೇಳಿ ತರಿಸಿಕೊಳ್ಳುತ್ತೆ. ನಾನಿರೋದು ಕಾರವಾರದಲ್ಲಿ, ಸಮುದ್ರದ ಗಾಳಿ, ಎರಡೇ ಮಳೆಗಾಲಕ್ಕೆ ನಮ್ಮ ಮನೆಯ ಪ್ಲಗ್ ಪಿನ್ನುಗಳು ಹಸಿರುಗಟ್ಟಿದ್ದವು. ಆಗ ಹಾಡು ತಡೆದು ತಡೆದು ಬರ್ತಿತ್ತು, ಆದ್ರೆ ಗುಂಯ್ ಅನ್ನಲಿಲ್ಲ. ಡೇಟಾ ಕೆಟ್ಟರೆ ಆಗೋದು ಹಾಗೆ. ನಿಮ್ಮದು ಬೇರೆ, ವೈರಿನಲ್ಲಿ ಡೇಟಾ ಜೊತೆ ಬೇಡದ ಕರೆಂಟೂ ಹರಿದು ಬರ್ತಾ ಇದೆ.

ಅದು ಎಲ್ಲಿಂದ ಅಂದ್ರೆ, ರೂಟರ್‌ನ ಎರಡು ಪಿನ್ನಿನ ಅಡಾಪ್ಟರ್ ಒಳಗೆ ಮೇನ್ಸ್ ಕಡೆಗೂ ಔಟ್‌ಪುಟ್ ಕಡೆಗೂ ನಡುವೆ ಒಂದು ಸಣ್ಣ ಕೆಪಾಸಿಟರ್ ಇರುತ್ತೆ. ಅದರಿಂದ ಯಾವಾಗಲೂ ಚೂರು ಕರೆಂಟ್ ಸೋರುತ್ತೆ. ಚಾರ್ಜ್‌ಗೆ ಹಾಕಿದ ಲ್ಯಾಪ್‌ಟಾಪ್‌ನ ಲೋಹದ ಮೈ ಮುಟ್ಟಿದ್ರೆ ಜುಮ್ ಅನ್ನುತ್ತಲ್ಲ, ಅದೇ ಇದು. ಈ ಕರೆಂಟಿಗೆ ಭೂಮಿಗೆ ಹೋಗೋಕೆ ದಾರಿ ಬೇಕು. ಮಾಮೂಲಿ ಲ್ಯಾನ್ ಕೇಬಲ್ ಆಗಿದ್ರೆ ಎರಡೂ ತುದಿಯ ಸಾಕೆಟ್ ಒಳಗೆ ಸಣ್ಣ ಟ್ರಾನ್ಸ್‌ಫಾರ್ಮರ್ ಇರುತ್ತೆ, 1500 ವೋಲ್ಟ್ ತಡೆಯುವಂಥದ್ದು, ಹೆಚ್ಚಿನದು ಅಲ್ಲೇ ನಿಲ್ಲುತ್ತೆ. ನೀವು ಹಾಕಿದ್ದು ಶೀಲ್ಡ್ ಕೇಬಲ್. ಶೀಲ್ಡಿಗೆ ಆ ಟ್ರಾನ್ಸ್‌ಫಾರ್ಮರ್ ಗೊಡವೆಯೇ ಇಲ್ಲ, ರೂಟರ್‌ನ ಮೈಯನ್ನೂ ಪೈಯ ಮೈಯನ್ನೂ ನೇರ ಜೋಡಿಸಿಬಿಡುತ್ತೆ. ಅಲ್ಲಿಂದ ಡ್ಯಾಕ್, ಡ್ಯಾಕ್‌ನಿಂದ ಆಂಪ್‌ಗೆ ಹೋಗುವ ಆರ್‌ಸಿಎ ವೈರ್, ಆಂಪ್‌ನ ಮೂರನೇ ಪಿನ್, ಕೊನೆಗೆ ನಿಮ್ಮ ಅರ್ತ್ ಗುಂಡಿ. ಇನ್ವರ್ಟರ್‌ನಲ್ಲಿ ಜಾಸ್ತಿ ಆಗೋದಕ್ಕೂ ಕಾರಣ ಇದೇ ಇರಬೇಕು. ಅದು ಸ್ಕ್ವೇರ್ ವೇವ್‌ದು (ಕರೆಂಟ್ ನುಣುಪಾದ ಅಲೆಯ ಹಾಗಲ್ಲ, ಚೌಕದ ಹಾಗೆ ಬರೋದು) ಅಲ್ವಾ? ಆ ಚೌಕದ ಅಂಚುಗಳು ಕೆಪಾಸಿಟರ್ ದಾಟೋದು ಸುಲಭ.

ಸಾದಾ, ಶೀಲ್ಡ್ ಇಲ್ಲದ, ಪ್ಲಾಸ್ಟಿಕ್ ಪ್ಲಗ್‌ನ ಕ್ಯಾಟ್ 6 ಲ್ಯಾನ್ ಕೇಬಲ್ ತಂದು ಹಾಕಿ ನೋಡಿ. ಇನ್ನೊಂದು ಮಾತು, ಯಾರಾದ್ರೂ ಆಂಪ್‌ನ ಅರ್ತ್ ಪಿನ್ ಮುರಿದುಹಾಕಿ ಅಂದ್ರೆ ಕೇಳಬೇಡಿ. ಗುಂಯ್ ಹೋಗಬಹುದು, ಆದ್ರೆ ನಾಳೆ ಆಂಪ್ ಒಳಗೆ ಏನಾದ್ರೂ ಕೆಟ್ಟರೆ ಮೈಮೇಲೆ 230 ವೋಲ್ಟ್.

ಸ್ವರಲಹರಿ_ಕುಮಟಾ:
ನಾನು ಒಪ್ಪಲ್ಲ. ನಾನು ಆ ಥರದ್ದೇ ಒಂದು ಆಡಿಯೋ ಸ್ವಿಚ್ ತಗೊಂಡಿದ್ದೇನೆ, ನನಗೆ ಗುಂಯ್ ಗಿಂಯ್ ಏನೂ ಇರಲಿಲ್ಲ, ಆದ್ರೂ ಹಾಕಿದ ಮೇಲೆ ಮದ್ದಳೆಯ ಪೆಟ್ಟು ಬಿಡಿಬಿಡಿಯಾಗಿ ಕೇಳುತ್ತೆ, ಭಾಗವತರ ಧ್ವನಿ ಮುಂದೆ ಬಂದು ನಿಂತ ಹಾಗಾಗುತ್ತೆ. ಎಲ್ಲವನ್ನೂ ಲೆಕ್ಕದಲ್ಲಿ ಅಳೆಯೋಕಾಗಲ್ಲ.

ಕೋಡಿಬಾಗದ ಕಿವಿ:
ಅಳೆಯೋದು ಬೇಡ ಮಾರಾಯ್ರೆ, ಕಿವಿಯಲ್ಲೇ ನೋಡಿ. ಮಗನ ಕೈಯಲ್ಲಿ ಸ್ವಿಚ್ ಹಾಕಿಸಿ, ತೆಗೆಸಿ, ನೀವು ಆ ಕಡೆ ತಿರುಗಿ ಕೂತು ಹತ್ತು ಸಲ ಹೇಳಿ, ಈಗ ಇದೆಯೋ ಇಲ್ಲವೋ ಅಂತ.

ತೋಟ_ಮತ್ತು_ತಂತಿ:
ಯಲ್ಲಾಪುರದಿಂದ. ಗುಂಯ್ ಬಗ್ಗೆ ಮೇಲಿನವರು ಹೇಳಿದ್ದು ಸರಿ. ಆದ್ರೆ ಟಿಕ್ ಬಗ್ಗೆ ಯಾರೂ ಕೇಳಲೇ ಇಲ್ಲವಲ್ಲ. ಗಡಿಯಾರ ಹಿಡಿದು ಎಣಿಸಿ. ಹೆಚ್ಚುಕಮ್ಮಿ ಸೆಕೆಂಡಿಗೆ ಒಂದು ಬರುತ್ತಾ? ತೋಟಕ್ಕೆ ಕರೆಂಟ್ ಬೇಲಿ ಇದೆಯಾ?

ಇದ್ರೆ ಕಳ್ಳ ಅವನೇ. ಬೇಲಿ ಮಷಿನ್ ಸುಮಾರು ಸೆಕೆಂಡಿಗೊಂದು ಸಲ ಸಾವಿರಾರು ವೋಲ್ಟಿನ ಪೆಟ್ಟು ಬಿಡುತ್ತೆ. ಲ್ಯಾಂಡ್‌ಲೈನ್ ಇದ್ದ ಕಾಲದಲ್ಲಿ ನಮ್ಮನೆ ಫೋನಿನಲ್ಲಿ ಮಾತಾಡಿದ್ರೆ ಆ ಕಡೆಯವರು, ನಿಮ್ಮ ಹಂದಿ ಬೇಲಿ ಇನ್ನೂ ನಡೀತಿದೆ ಅಂತ ನಗ್ತಿದ್ರು. ಮಷಿನ್‌ಗೆ ಹೊಡೆದ ಅರ್ತ್ ರಾಡ್ ಎಲ್ಲಿದೆ ನೋಡಿ. ಮನೆಯ ಅರ್ತ್ ಗುಂಡಿಯಿಂದ ಕನಿಷ್ಠ 10 ಮೀಟರ್ ದೂರ ಇರಬೇಕು ಅನ್ನೋದು ನಿಯಮ. ಡಿವಿಆರ್ ಇದೆ ಅಂದ್ರಲ್ಲ, ಕ್ಯಾಮೆರಾ ವೈರ್ ಬೇಲಿ ಪಕ್ಕದಲ್ಲೇ ಹೋಗಿದ್ರೆ ಅದೂ ಪೆಟ್ಟು ಹಿಡಿದು ತರುತ್ತೆ.

ಅಡಿಕೆತೋಟದವ:
ಮೂರು ದಿನ ಬಿಟ್ಟು ಬರೀತಾ ಇದ್ದೇನೆ, ಕ್ಷಮಿಸಿ, ಅಡಿಕೆ ಕೊನೆ ಕೊಯ್ಲಿನ ಗಡಿಬಿಡಿ.

ಹಾಡು ನಡೆಯುವಾಗಲೇ ವೈರ್ ಕಿತ್ತೆ. ಹನ್ನೆರಡೋ ಹದಿಮೂರೋ ಸೆಕೆಂಡ್ ಹಾಡು ಮುಂದುವರಿಯಿತು. ಅಷ್ಟರಲ್ಲಿ ಟ್ವೀಟರಿಗೆ ಕಿವಿ ಇಟ್ಟೆ, ಗುಂಯ್ ಸೊನ್ನೆ, ಟಿಕ್ ಸೊನ್ನೆ. ಮತ್ತೆ ಚುಚ್ಚಿದೆ. ಒಳಗಿನ ಪಿನ್ನು ಮುಟ್ಟುವ ಮೊದಲೇ, ಪ್ಲಗ್‌ನ ಲೋಹ ಸಾಕೆಟ್‌ಗೆ ತಾಗಿದ ಕೂಡಲೇ ಗುಂಯ್ ಬಂತು! ಅಲ್ಲಿಗೆ ನಂಬಿಕೆ ಬಂತು. ಪೇಟೆಗೆ ಹೋಗಿ ಸಾದಾ ಕೇಬಲ್ ತಂದೆ, ಪ್ಲಗ್ ಹಾಕಿಸಿದ್ದೂ ಸೇರಿ ಸಾವಿರದೊಳಗೇ ಮುಗೀತು. ಗುಂಯ್ ಪೂರ್ತಿ ಹೋಯ್ತು. ಇನ್ವರ್ಟರ್ ಮೇಲೂ ಇಲ್ಲ.

ಟಿಕ್ ಮಾತ್ರ ಕಮ್ಮಿ ಆಯ್ತು, ಹೋಗಲಿಲ್ಲ. ಬೇಲಿ ಮಷಿನ್ ಆಫ್ ಮಾಡಿದ್ರೆ ನಿಲ್ಲುತ್ತೆ, ಆನ್ ಮಾಡಿದ್ರೆ ಬರುತ್ತೆ. ರಾಡ್ ಹುಡುಕಿಕೊಂಡು ಹೋದ್ರೆ ಏನು ಹೇಳೋದು, ಮನೆಯ ಅರ್ತ್ ಗುಂಡಿಯಿಂದ ಎರಡು ಮಾರು ದೂರದಲ್ಲೇ ಹೊಡೆದಿದ್ದಾರೆ! ಬೇಸಿಗೆಯಲ್ಲಿ ಆ ಗುಂಡಿಗೆ ನಾವು ನೀರು ಹೊಯ್ಯುತ್ತೇವೆ, ನೆಲ ಒದ್ದೆ ಇರುತ್ತೆ, ರಾಡ್ ಸಲೀಸಾಗಿ ಇಳಿಯುತ್ತೆ ಅಂತ ಅಲ್ಲೇ ಹೊಡೆದಿರಬೇಕು. ನಿನ್ನೆ ಕಿತ್ತು ಕೊಟ್ಟಿಗೆಯ ಆಚೆ, ತೋಡಿನ ಪಕ್ಕ ಹೊಡೆಸಿದೆ. ಈಗ ಟಿಕ್ ಕೇಳಬೇಕು ಅಂದ್ರೆ ಸ್ಪೀಕರ್ ಒಳಗೆ ತಲೆ ಹಾಕಬೇಕು. ಅದೂ ಕ್ಯಾಮೆರಾ ವೈರ್ ಹಾಕಿದ್ದಾಗ ಮಾತ್ರ.

ಸ್ವರಲಹರಿ_ಕುಮಟಾ:
ಮಗನ ಕೈಯಲ್ಲಿ ಮಾಡಿಸಿದೆ. ಹತ್ತರಲ್ಲಿ ಆರು ಸರಿ.

ಕೋಡಿಬಾಗದ ಕಿವಿ:
ನಾಣ್ಯ ಚಿಮ್ಮಿದ್ರೂ ಐದು ಬರುತ್ತೆ. ಆದ್ರೆ ಇಲ್ಲಿ ಬಂದು ಹೇಳಿದಿರಲ್ಲ, ಅದು ದೊಡ್ಡದು.

@ಅಡಿಕೆತೋಟದವ, ಉಳಿದ ಚೂರನ್ನೂ ಕಳೆಯಬೇಕು ಅಂದ್ರೆ ನಡುವೆ ಫೈಬರ್ ಹಾಕಿ. ಎರಡು ಮೀಡಿಯಾ ಕನ್ವರ್ಟರ್ (ಲ್ಯಾನ್ ಸಿಗ್ನಲನ್ನು ಬೆಳಕು ಮಾಡಿ ಫೈಬರಿಗೆ ಬಿಡೋ, ಮತ್ತೆ ವಾಪಸ್ ಮಾಡೋ ಡಬ್ಬಿ), ಒಂದು ಜಗುಲಿಯಲ್ಲಿ, ಒಂದು ಪೈ ಹತ್ತಿರ. ಗಾಜಿನ ಎಳೆಯಲ್ಲಿ ಕರೆಂಟ್ ಹೋಗಲ್ಲ. ಎರಡಕ್ಕೂ ಸೇರಿ ಆ ಸ್ವಿಚ್‌ನ ಹತ್ತನೇ ಒಂದು ಭಾಗ ಕೂಡ ಆಗಲ್ಲ. ಪೈ ಹತ್ತಿರ ಇರುವ ಕನ್ವರ್ಟರ್‌ಗೆ ಮಾತ್ರ ಕಳಪೆ ಅಡಾಪ್ಟರ್ ಹಾಕಬೇಡಿ, ಇಲ್ಲಾಂದ್ರೆ ರೂಟರ್ ಕಡೆ ಬಿಟ್ಟುಬಂದ ಗಲಾಟೆಯನ್ನೇ ಮತ್ತೆ ಕೋಣೆಗೆ ತಂದಂಗೆ.

ತೋಟ_ಮತ್ತು_ತಂತಿ:
ಫೈಬರಿಗೆ ನನ್ನದೂ ಓಟು, ಆದ್ರೆ ಕಾರಣ ಬೇರೆ. ಸಿಡಿಲು. ಹೋದ ಸಲ ಮೇ ತಿಂಗಳ ಮೊದಲ ಮಳೆಗೇ ನಮ್ಮಲ್ಲಿ ಕ್ಯಾಮೆರಾ ವೈರಿನಿಂದ ಬಂದು ಡಿವಿಆರ್, ರೂಟರ್ ಎರಡೂ ಹೋದವು. ಲ್ಯಾನ್ ವೈರಿನ ತುದಿಯಲ್ಲಿದ್ದ ಟಿವಿಯೂ ಹೋಯ್ತು. ಗುಡುಗು ಶುರುವಾದ್ರೆ ಪ್ಲಗ್ ಕೀಳೋದು ಹೇಗೂ ಇದ್ದೇ ಇದೆ, ಮನೆಯಲ್ಲಿ ಯಾರೂ ಇಲ್ಲದಾಗ ಕೀಳೋರು ಯಾರು?

ಅಡಿಕೆತೋಟದವ:
ಹಾಗಾದ್ರೆ ಮಳೆಗಾಲಕ್ಕೆ ಮುಂಚೆ ಹಾಕ್ತೇನೆ. ಅಟ್ಟದಲ್ಲಿ ಇಲಿ ಕಾಟ ಇದೆ, ಫೈಬರ್ ಕಡಿಯಲ್ವಾ?

ಕೋಡಿಬಾಗದ ಕಿವಿ:
ಖಂಡಿತ ಕಡಿಯುತ್ತೆ. ಪಿವಿಸಿ ಪೈಪ್ ಒಳಗೆ ಹಾಕಿ, ಮೂಲೆಯಲ್ಲಿ ಜೋರಾಗಿ ಮಡಚಬೇಡಿ, ದೊಡ್ಡ ಬಳಸು ಕೊಡಿ. ಒಂದೇ ಎಳೆಯ ಫೈಬರಿನ ಕನ್ವರ್ಟರ್ ತಗೊಂಡ್ರೆ ಒಂದಕ್ಕೊಂದು ಜೋಡಿಯಾಗೋ ಎ ಒಂದು, ಬಿ ಒಂದು ಬೇಕು. ಎರಡೂ ಎ ತಂದ್ರೆ ದೀಪ ಹತ್ತುತ್ತೆ, ಲಿಂಕ್ ಬರಲ್ಲ. ನಾನು ಹಾಗೆ ತಂದು ಒಂದು ಭಾನುವಾರ ಪೂರ್ತಿ ಕಳೆದಿದ್ದೇನೆ.